ಪ್ಯಾಕೆಟ್ಟುಗಳಿಗೂ ಪಂಕ್ತಿಭೇದ ಬೇಕಾ ಸ್ವಾಮಿ?

ಬ್ಲಾಗ್ ಕಡೆ ತಲೆ ಹಾಕಿ ತುಂಬಾ ದಿನ ಆಗಿತ್ತು. ಬರೆಯೋಕೆ ಏನೂ ಇರಲಿಲ್ಲ ಅಂತಲ್ಲ, ಸೋಮಾರಿತನ ಅಷ್ಟೇ. ಆದ್ರೆ ಮೊನ್ನೆ ಬ್ಲಾಗಿಗ ಗೆಳೆಯರೊಬ್ಬರು ಇಂಟರ್ನೆಟ್ಟಿಗೂ ಒಂದು ಆಂಬುಲೆನ್ಸ್ ಲೇನ್ ಬೇಕು ಅಂತ ಬರೆದ ಲೇಖನ ಓದಿದ ಮೇಲೆ ಸುಮ್ಮನಿರೋಕೆ ಆಗಲಿಲ್ಲ. ಅಲ್ಲೇ ಕಾಮೆಂಟ್ ಹಾಕೋಣ ಅಂತ ಶುರು ಮಾಡಿದೆ. ಕಾಮೆಂಟು ಅವರ ಲೇಖನಕ್ಕಿಂತ ಉದ್ದ ಆಯ್ತು. ಊಟಕ್ಕಿಂತ ಉಪ್ಪಿನಕಾಯಿ ಜಾಸ್ತಿ ಆಗಬಾರದು ನೋಡಿ, ಅದಕ್ಕೇ ಇಲ್ಲಿ ಬಡಿಸ್ತಾ ಇದೀನಿ.

ಅವರ ವಾದ ಸುಲಭ. ನೆಟ್‌ವರ್ಕಿನಲ್ಲಿ ಎಲ್ಲ ಪ್ಯಾಕೆಟ್ಟುಗಳೂ ಸಮ ಅನ್ನೋದು ಎತ್ತಿನಗಾಡಿಯನ್ನೂ ಆಂಬುಲೆನ್ಸನ್ನೂ ಒಂದೇ ರಸ್ತೆಯಲ್ಲಿ ಬಿಟ್ಟ ಹಾಗೆ. ತಂತ್ರಜ್ಞಾನ ಇದೆ, ಕ್ವಾಲಿಟಿ ಆಫ್ ಸರ್ವೀಸ್ ಇದೆ, 5ಜಿಯಲ್ಲಿ ಸ್ಲೈಸಿಂಗ್ ಇದೆ. ಬೇಕಾದವರು ದುಡ್ಡು ಕೊಟ್ಟು ಒಳ್ಳೇ ದಾರಿ ತಗೊಳ್ಳಲಿ, ಉಳಿದವರಿಗೆ ನಷ್ಟ ಏನು? ನೆಟ್ ನ್ಯೂಟ್ರಾಲಿಟಿ ಅನ್ನೋದು ಎಂಜಿನಿಯರಿಂಗ್ ಗೊತ್ತಿಲ್ಲದವರ ಸಮತಾವಾದ.

ಕೊನೇ ವಾಕ್ಯ ನನಗೆ ಚುಚ್ಚಿತು. ಯಾಕಂದ್ರೆ ಈ ಎಂಜಿನಿಯರಿಂಗನ್ನೇ ಮಾಡಿ ಹೊಟ್ಟೆ ಹೊರೆದವನು ನಾನು. ರೂಟರುಗಳಿಗೆ ಕ್ಯೂ ಕಟ್ಟಿ, ಪ್ಯಾಕೆಟ್ಟುಗಳಿಗೆ ನಾಮ ಹಚ್ಚಿ, ರಾತ್ರಿ ಎರಡು ಗಂಟೆಗೆ ಫೋನ್ ಬಂದಾಗ ಎದ್ದು ಕೂತವನು. ಉಳಿದವರಿಗೆ ನಷ್ಟ ಏನು ಅನ್ನೋ ಪ್ರಶ್ನೆಗೆ ಉತ್ತರ ಇದೆ. ಅದೂ ಎಂಜಿನಿಯರಿಂಗಿನಲ್ಲೇ ಇದೆ. ಸಮತಾವಾದದವರೆಗೆ ಹೋಗೋದೇ ಬೇಡ.

*

ಮೊದಲು ದೇವಸ್ಥಾನದ ಸಾಲಿನಿಂದ ಶುರು ಮಾಡೋಣ. ರಸ್ತೆ ಟ್ರಾಫಿಕ್ಕಿನ ಹೋಲಿಕೆ ಎಲ್ಲರೂ ಕೊಡ್ತಾರೆ, ನನಗೆ ಸಾಕಾಗಿದೆ.

ಜಾತ್ರೆ ದಿನ ದೊಡ್ಡ ದೇವಸ್ಥಾನಕ್ಕೆ ಹೋಗಿದೀರಿ. ಧರ್ಮದರ್ಶನದ ಸಾಲು ಒಂದು, ವಿಶೇಷ ದರ್ಶನದ ಸಾಲು ಒಂದು. ಟಿಕೆಟ್ ತಗೊಂಡವರು ಬೇಗ ಹೋಗ್ತಾರೆ, ನಿಜ. ಆದ್ರೆ ಗರ್ಭಗುಡಿಯ ಬಾಗಿಲು? ಅದು ಮೊದಲು ಎಷ್ಟು ಅಗಲ ಇತ್ತೋ ಈಗಲೂ ಅಷ್ಟೇ. ನಿಮಿಷಕ್ಕೆ ಹದಿನೈದು ಜನ ಮಾತ್ರ ದಾಟೋ ಬಾಗಿಲಲ್ಲಿ ಐದು ಜನ ವಿಶೇಷದವರು ನುಗ್ಗಿದರೆ ಧರ್ಮದರ್ಶನದಿಂದ ಹೋಗೋದು ಹತ್ತೇ ಜನ. ವಿಶೇಷದವರು ಉಳಿಸಿಕೊಂಡ ಹೊತ್ತು ಗಾಳಿಯಿಂದ ಹುಟ್ಟಿದ್ದಲ್ಲ. ಪಕ್ಕದ ಸಾಲಿನಲ್ಲಿ ಮಗು ಎತ್ತಿಕೊಂಡು ನಿಂತವಳ ಲೆಕ್ಕದಿಂದ ಕಳೆದದ್ದು.

ಇದು ಬರೀ ಭಾವುಕತೆ ಅಂತ ಅನಿಸಿದರೆ ಗಣಿತ ಕೇಳಿ. ಪ್ಯಾಕೆಟ್ ನೆಟ್‌ವರ್ಕುಗಳ ಸಿದ್ಧಾಂತಕ್ಕೆ ತಳಪಾಯ ಹಾಕಿದವರಲ್ಲಿ ಒಬ್ಬರಾದ ಲಿಯೊನಾರ್ಡ್ ಕ್ಲೈನ್‌ರಾಕ್ 1965ರಲ್ಲಿ, ಅಂದ್ರೆ ಅರ್ಪಾನೆಟ್ ಹುಟ್ಟೋದಕ್ಕೂ ಮುಂಚೆ, ಸಾಲುಗಳ ಬಗ್ಗೆ ಒಂದು ಸಂರಕ್ಷಣಾ ನಿಯಮ ಸಾಧಿಸಿದರು. ಕೌಂಟರು ಸುಮ್ಮನೆ ಖಾಲಿ ಕೂರದೆ ಕೆಲಸ ಮಾಡ್ತಿರೋವರೆಗೆ, ಯಾರನ್ನ ಮುಂದೆ ಬಿಟ್ಟರೂ ಯಾರನ್ನ ಹಿಂದೆ ತಳ್ಳಿದರೂ, ಬೇರೆ ಬೇರೆ ವರ್ಗಗಳ ಕಾಯುವಿಕೆಯನ್ನ ಅವರವರು ತರೋ ಹೊರೆಯಿಂದ ಗುಣಿಸಿ ಕೂಡಿದರೆ ಮೊತ್ತ ಬದಲಾಗಲ್ಲ. ಆದ್ಯತೆ ಅನ್ನೋದು ಕಾಯುವಿಕೆಯನ್ನ ಕಡಿಮೆ ಮಾಡೋ ಯಂತ್ರ ಅಲ್ಲ. ಒಬ್ಬರ ತಲೆಯಿಂದ ಇನ್ನೊಬ್ಬರ ತಲೆಗೆ ದಾಟಿಸೋ ಯಂತ್ರ.

ಇನ್ನೊಂದು ಲೆಕ್ಕ. ಸರಳ ಸಾಲಿನ ಸೂತ್ರದ ಪ್ರಕಾರ ಲಿಂಕು ಶೇ. 50 ತುಂಬಿದ್ದರೆ ಪ್ಯಾಕೆಟ್ಟಿಗೆ ಹಿಡಿಯೋ ಹೊತ್ತು, ಖಾಲಿ ಇದ್ದಾಗಿನ ಎರಡು ಪಟ್ಟು. ಶೇ. 80 ಆದರೆ ಐದು ಪಟ್ಟು. ಶೇ. 90 ಆದರೆ ಹತ್ತು. ಶೇ. 95ಕ್ಕೆ ಇಪ್ಪತ್ತು. ನೋಡಿ, 90ರಿಂದ 95ಕ್ಕೆ ಹೋಗಿದ್ದು ಬರೀ ಐದು, ಕಾಯೋ ಹೊತ್ತು ಡಬ್ಬಲ್! ನಿಜವಾದ ಟ್ರಾಫಿಕ್ಕು ಈ ಸೂತ್ರಕ್ಕಿಂತ ಒರಟು, ದಿಢೀರ್ ದಿಢೀರ್ ಅಂತ ಮೇಲೇಳುತ್ತೆ, ಆದ್ರೆ ವಕ್ರರೇಖೆಯ ಸ್ವಭಾವ ಇದೇ. ಆದ್ದರಿಂದ ಲಿಂಕು ಅರ್ಧ ಖಾಲಿ ಇದ್ದಾಗ ಆದ್ಯತೆ ಕೊಟ್ಟರೂ ಬಿಟ್ಟರೂ ವ್ಯತ್ಯಾಸ ಗೊತ್ತಾಗಲ್ಲ. ಗಂಟಲವರೆಗೆ ತುಂಬಿದಾಗ ಮಾತ್ರ ಆದ್ಯತೆಗೆ ಬೆಲೆ. ಈ ಮಾತನ್ನ ನೆನಪಿಟ್ಟುಕೊಳ್ಳಿ, ಕೊನೆಗೆ ಮತ್ತೆ ಬರ್ತೀನಿ.

*

ಈಗ ನನ್ನ ಸ್ವಂತ ಕಥೆ. ಹಳೇ ಕಂಪನಿ, ಹೆಸರು ಬೇಡ. ಬೆಂಗಳೂರಲ್ಲಿ ಹೆಡ್ಡಾಫೀಸು, ಹುಬ್ಬಳ್ಳಿಯಲ್ಲಿ ಶಾಖೆ, ನಡುವೆ 2 ಎಂಬಿಪಿಎಸ್ ಲಿಂಕು. ಅದರ ಮೇಲೇ ಮೇಲ್, ಅದರ ಮೇಲೇ ಲೆಕ್ಕಪತ್ರದ ಸಾಫ್ಟ್‌ವೇರ್, ಅದರ ಮೇಲೇ ಐಪಿ ಫೋನು. ಫೋನಲ್ಲಿ ಮಾತು ತುಂಡು ತುಂಡಾಗಿ ಕೇಳ್ತಿತ್ತು. ನಾನು ಹೊಸ ಹುಮ್ಮಸ್ಸಿನಲ್ಲಿ ಕ್ವಾಲಿಟಿ ಆಫ್ ಸರ್ವೀಸ್ ಹಾಕಿದೆ. ಫೋನಿನ ಪ್ಯಾಕೆಟ್ಟುಗಳಿಗೆ 46 ಅನ್ನೋ ಗುರುತು, ಅದಕ್ಕೊಂದು ಪ್ರತ್ಯೇಕ ಸಾಲು, 512 ಕೆಬಿಪಿಎಸ್ ಮೀಸಲು. ಮಾತು ಗಂಟೆ ಹೊಡೆದ ಹಾಗೆ ಕೇಳೋಕೆ ಶುರುವಾಯ್ತು. ನನಗೆ ಚಪ್ಪಾಳೆ.

ಇದು ನ್ಯಾಯವಾದ ಬಳಕೆ, ಇವತ್ತಿಗೂ ಹಾಗೇ ಹೇಳ್ತೀನಿ. 2 ಎಂಬಿಪಿಎಸ್ ಲಿಂಕಿನಲ್ಲಿ 1500 ಬೈಟಿನ ಒಂದು ದೊಡ್ಡ ಪ್ಯಾಕೆಟ್ ಹೊರಗೆ ಹೋಗೋಕೇ 6 ಮಿಲಿಸೆಕೆಂಡ್ ಬೇಕು. ಅಂಥ ಹತ್ತು ಪ್ಯಾಕೆಟ್ ಮುಂದೆ ನಿಂತರೆ 60 ಮಿಲಿಸೆಕೆಂಡ್. ಫೋನಿನ ಮಾತಿಗೆ ಪ್ರತಿ 20 ಮಿಲಿಸೆಕೆಂಡಿಗೆ ಒಂದು ಪ್ಯಾಕೆಟ್ ಹೊರಡಬೇಕು. ಚಿಕ್ಕವನು ದೊಡ್ಡವರ ಹಿಂದೆ ಸಿಕ್ಕಿಹಾಕಿಕೊಳ್ಳಬಾರದು ಅಂತ ಪಕ್ಕದಿಂದ ಬಿಟ್ಟರೆ ದೊಡ್ಡವರಿಗೆ ಗೊತ್ತೂ ಆಗಲ್ಲ.

ಆಮೇಲೆ ಶುರುವಾಯ್ತು ತಮಾಷೆ. ಮ್ಯಾನೇಜಿಂಗ್ ಡೈರೆಕ್ಟರ್ ಸಾಹೇಬರ ವಿಡಿಯೋ ಕಾನ್ಫರೆನ್ಸ್ ಅದೇ ಸಾಲಿಗೆ ಬರಬೇಕು ಅಂತ ಆದೇಶ. 384 ಕೆಬಿಪಿಎಸ್. ಹಾಕಿದೆ. ಅಕೌಂಟ್ಸ್‌ನವರು ಬಂದರು, ತಿಂಗಳ ಕೊನೆ, ನಮ್ಮದೇ ಮುಖ್ಯ ಅಂದರು. ಹಾಕಿದೆ. ಸೆಕ್ಯುರಿಟಿಯವರು ಕ್ಯಾಮೆರಾ ಅಂದರು. ಇಲ್ಲ ಅನ್ನೋ ಅಧಿಕಾರ ನನಗೆಲ್ಲಿತ್ತು? ಆರು ತಿಂಗಳಲ್ಲಿ ವಿಐಪಿ ಸಾಲು ಸಾಮಾನ್ಯ ಸಾಲಿಗಿಂತ ಉದ್ದ. ಮೀಸಲು ಮೀರಿದ ಪ್ಯಾಕೆಟ್ಟುಗಳನ್ನ ರೂಟರು ಬಿಸಾಕುತ್ತೆ, ಅದಕ್ಕೆ ಫೋನು ಯಾವುದು ಕ್ಯಾಮೆರಾ ಯಾವುದು ಅನ್ನೋ ಭೇದ ಇಲ್ಲ, ಎಲ್ಲರ ಹಣೆ ಮೇಲೂ 46 ಅಂತ ಒಂದೇ ನಾಮ. ಫೋನು ಮೊದಲಿಗಿಂತ ಕೆಟ್ಟದಾಯ್ತು. ಬೈಗುಳ ನನಗೆ.

ಕೊನೆಗೆ ಏನಾಯ್ತು ಗೊತ್ತಾ? ಲಿಂಕನ್ನ 10 ಎಂಬಿಪಿಎಸ್ ಮಾಡಿಸಿದರು. ಅವತ್ತಿನಿಂದ ಸಮಸ್ಯೆ ಮಾಯ. ನಾನು ಬರೆದ ಅಷ್ಟುದ್ದದ ಕಾನ್ಫಿಗರೇಶನ್ ಇತ್ತೋ ಇಲ್ಲವೋ ಯಾರಿಗೂ ಗೊತ್ತಾಗಲಿಲ್ಲ. ಅವತ್ತು ಕಲಿತ ಪಾಠ: ಆದ್ಯತೆ ಯಾರಿಗೆ ಅನ್ನೋದನ್ನ ಕೆಲಸದ ಸ್ವಭಾವ ನೋಡಿ ತೀರ್ಮಾನಿಸಿದರೆ ಅದು ಎಂಜಿನಿಯರಿಂಗ್. ಮುಖ ನೋಡಿ ತೀರ್ಮಾನಿಸಿದರೆ ಪಂಕ್ತಿಭೇದ. ಎರಡಕ್ಕೂ ರೂಟರಿನಲ್ಲಿ ಬರೆಯೋ ಕಮಾಂಡ್ ಮಾತ್ರ ಒಂದೇ!

*

"ಅದು ನಿಮ್ಮ ಚಿಕ್ಕ ಕಂಪನಿ ಸಾರ್, ದೊಡ್ಡ ನೆಟ್‌ವರ್ಕಿನಲ್ಲಿ ಚೆನ್ನಾಗೇ ನಡೆಯುತ್ತೆ" ಅನ್ನಬಹುದು ನೀವು. ದೊಡ್ಡವರ ಕಥೆಯನ್ನೂ ಹೇಳ್ತೀನಿ.

ಪ್ಯಾಕೆಟ್ಟಿನ ತಲೆಯ ಮೇಲೆ ಆದ್ಯತೆಯ ಗುರುತಿಗೆ ಜಾಗ 1981ರ ಐಪಿ ನಿರ್ದಿಷ್ಟತೆಯಲ್ಲೇ ಇದೆ. 1990ರ ದಶಕದಲ್ಲಂತೂ ಅದರ ಮೇಲೆ ಮಹಾಯಜ್ಞವೇ ನಡೀತು. 1994ರಲ್ಲಿ ಇಂಟ್‌ಸರ್ವ್ ಬಂತು. ಪ್ರತಿಯೊಂದು ಸಂಭಾಷಣೆಗೂ ದಾರಿಯುದ್ದಕ್ಕೂ ಪ್ರತಿ ರೂಟರಿನಲ್ಲೂ ಸೀಟು ಕಾಯ್ದಿರಿಸೋದು. ಲಕ್ಷಾಂತರ ಸಂಭಾಷಣೆ ನಡೆಯೋ ಬೆನ್ನೆಲುಬಿನ ರೂಟರು ಅಷ್ಟೊಂದು ನೆನಪಿಟ್ಟುಕೊಳ್ಳೋದು ಕಷ್ಟ ಅಂತ 1998ರಲ್ಲಿ ಡಿಫ್‌ಸರ್ವ್ ಬಂತು. ಆರು ಬಿಟ್ಟು, ಅರವತ್ನಾಲ್ಕು ಗುರುತು, ಕೆಲವೇ ವರ್ಗ. ಜೊತೆಗೆ ಕ್ವಾಲಿಟಿ ಆಫ್ ಸರ್ವೀಸ್ ರೂಟಿಂಗ್, ಅಂದ್ರೆ ಬರೀ ಹತ್ತಿರದ ದಾರಿ ಅಲ್ಲ, ಇಷ್ಟು ವಿಳಂಬದ ಒಳಗೆ, ಇಷ್ಟು ಖರ್ಚಿನ ಒಳಗೆ ತಲುಪಿಸೋ ದಾರಿ ಹುಡುಕೋದು. ಝೆಂಗ್ ವಾಂಗ್ ಮತ್ತು ಕ್ರೋಕ್ರಾಫ್ಟ್ ಅದರ ಮೇಲೆ 1996ರಲ್ಲಿ ತಣ್ಣೀರು ಸುರಿದರು. ದಾರಿಯುದ್ದಕ್ಕೂ ಕೂಡುತ್ತಾ ಹೋಗೋ ಎರಡು ಅಳತೆಗಳಿಗೆ ಒಟ್ಟಿಗೆ ಮಿತಿ ಹಾಕಿದರೆ ಸಮಸ್ಯೆ ಎನ್‌ಪಿ ಕಂಪ್ಲೀಟ್. ಬ್ಯಾಂಡ್‌ವಿಡ್ತ್ ಜೊತೆಗೆ ಒಂದೇ ಅಳತೆ ಸಾಕು ಅಂದರೆ ಮಾತ್ರ ಸುಲಭ. ಸಾಲದ ಲಿಂಕುಗಳನ್ನ ನಕ್ಷೆಯಿಂದ ಅಳಿಸಿ, ಉಳಿದದ್ದರಲ್ಲಿ ಹತ್ತಿರದ ದಾರಿ ಹುಡುಕೋದು. ಇವತ್ತು ನಿಜವಾಗಿ ನಡೆಯೋದು ಬಹುಮಟ್ಟಿಗೆ ಆ ಸುಲಭದ್ದೇ.

ಇಷ್ಟೆಲ್ಲ ಆದಮೇಲೆ ಅಮೆರಿಕದ ವಿಶ್ವವಿದ್ಯಾಲಯಗಳ ಇಂಟರ್ನೆಟ್2 ಜಾಲ ಕ್ಯೂಬೋನ್ ಅಂತ ಒಂದು ಪ್ರೀಮಿಯಂ ಸೇವೆ ಕಟ್ಟೋಕೆ ಹೊರಟಿತು. ಜಗತ್ತಿನ ಅತ್ಯುತ್ತಮ ತಲೆಗಳು, ಬೇಕಾದ ಉಪಕರಣ. ಆಗಲಿಲ್ಲ. 2002ರ ಮೇ ತಿಂಗಳಲ್ಲಿ ಆ ಯೋಜನೆಯಲ್ಲಿದ್ದ ಟೈಟಲ್‌ಬಾಮ್ ಮತ್ತು ಶಲುನೋವ್, ಪ್ರೀಮಿಯಂ ಐಪಿ ಸೇವೆ ಯಾಕೆ ಜಾರಿಗೆ ಬಂದಿಲ್ಲ ಮತ್ತು ಬಹುಶಃ ಯಾವತ್ತೂ ಬರಲ್ಲ ಅಂತಲೇ ತಲೆಬರಹ ಕೊಟ್ಟು ಒಂದು ಪ್ರಾಮಾಣಿಕ ವರದಿ ಬರೆದರು. ಕೆಲಸ ಮಾಡಿದವರೇ ಕೈ ಎತ್ತಿ ಹೇಳೋದು ಎಷ್ಟು ಅಪರೂಪ! ದಾರಿಯಲ್ಲಿರೋ ಎಲ್ಲ ನೆಟ್‌ವರ್ಕುಗಳೂ ಒಪ್ಪಿ ಬದಲಾಗಬೇಕು. ಒಬ್ಬ ಕೈಕೊಟ್ಟರೂ ಗ್ಯಾರಂಟಿ ಠುಸ್. ಪ್ರತಿ ಗಡಿಯಲ್ಲೂ ಸುಳ್ಳು ನಾಮ ಹಾಕಿಕೊಂಡು ಬರೋರನ್ನ ತಡೆಯೋ ಕಾವಲು ಬೇಕು. ಇಷ್ಟು ಖರ್ಚು ಮಾಡಿದ ಮೇಲೂ, ಲಿಂಕುಗಳು ಅಗಲ ಇದ್ದರೆ ಸಾದಾ ಸೇವೆಯೇ ಸಾಕಷ್ಟು ಚೆನ್ನಾಗಿರುತ್ತೆ, ಗಿರಾಕಿ ಯಾಕೆ ಹೆಚ್ಚು ಕೊಡಬೇಕು?

ನನ್ನ ಹುಬ್ಬಳ್ಳಿ ಲೆಕ್ಕವನ್ನೇ ದೊಡ್ಡದು ಮಾಡಿ ನೋಡಿ. ಅದೇ 1500 ಬೈಟಿನ ಪ್ಯಾಕೆಟ್ಟು 64 ಕೆಬಿಪಿಎಸ್ ಲಿಂಕಿನಲ್ಲಿ ಹೊರಡೋಕೆ 187 ಮಿಲಿಸೆಕೆಂಡ್. 10 ಎಂಬಿಪಿಎಸ್‌ನಲ್ಲಿ 1.2 ಮಿಲಿಸೆಕೆಂಡ್. ಬೆನ್ನೆಲುಬಿನ 100 ಜಿಬಿಪಿಎಸ್ ಲಿಂಕಿನಲ್ಲಿ ಒಂದು ಮಿಲಿಸೆಕೆಂಡಿನ ಎಂಟು ಸಾವಿರದಲ್ಲಿ ಒಂದು ಭಾಗ. ಅಲ್ಲಿ ಒಬ್ಬರನ್ನ ಮುಂದೆ ಬಿಟ್ಟು ಉಳಿಸೋದು ಏನನ್ನ?

ಈ ಕಥೆಯ ಬಾಲ ನನಗೆ ಬಹಳ ಇಷ್ಟ. ಮೇಲ್ದರ್ಜೆ ಮಾಡೋಕೆ ಹೋಗಿ ಸೋತ ಅದೇ ಕ್ಯೂಬೋನ್‌ನವರು ಸ್ಕ್ಯಾವೆಂಜರ್ ಅಂತ ಒಂದು ಕೆಳದರ್ಜೆ ಮಾಡಿದರು. ನನಗೆ ಅವಸರ ಇಲ್ಲ, ಎಲ್ಲರದ್ದೂ ಆದಮೇಲೆ ಉಳಿದಿದ್ದು ಬಡಿಸಿ ಅಂತ ತಾನೇ ಹೇಳಿಕೊಳ್ಳೋ ಪ್ಯಾಕೆಟ್ಟು. ಇದಕ್ಕೆ ಕಾವಲು ಬೇಡ, ಯಾಕಂದ್ರೆ ಕೊನೇ ಪಂಕ್ತಿಗೆ ಕಳ್ಳತನದಲ್ಲಿ ನುಗ್ಗೋರು ಯಾರೂ ಇಲ್ಲ. ದಾರಿಯಲ್ಲಿ ಯಾರೋ ಒಬ್ಬ ಒಪ್ಪದಿದ್ದರೂ ಏನೂ ಕೆಡಲ್ಲ. ಇದೇ ಮನೋಭಾವದ ಲೆಡ್‌ಬ್ಯಾಟ್ ಅನ್ನೋ ವಿಧಾನ 2012ರಲ್ಲಿ ಅಧಿಕೃತ ದಾಖಲೆಯಾಯ್ತು, ಬಿಟ್‌ಟೊರೆಂಟ್ ಅದನ್ನ ಬಳಸುತ್ತೆ. ಬೇರೆಯವರು ಬಂದ ಸುಳಿವು ಸಿಕ್ಕ ಕೂಡಲೇ ತಾನೇ ಪಕ್ಕಕ್ಕೆ ಸರಿಯುತ್ತೆ. ಮೇಲೇರೋ ಹಕ್ಕನ್ನ ಮಾರೋದಕ್ಕಿಂತ ಕೆಳಗಿಳಿಯೋ ಸೌಜನ್ಯವನ್ನ ಕಲಿಸೋದು ಸುಲಭ ಅಂತಾಯ್ತು. ದೊಡ್ಡ ಮನೆಗಳಲ್ಲಿ ಯಜಮಾನಿ ಕೊನೇ ಪಂಕ್ತಿಗೆ ಕೂರೋದು ನೆನಪಾಗುತ್ತೆ ನನಗೆ.

*

ಹಾಗಂತ ನಾನು ಎಲ್ಲ ಪ್ಯಾಕೆಟ್ಟುಗಳನ್ನೂ ಕಣ್ಣುಮುಚ್ಚಿ ಬಿಡಿ ಅಂತ ಹೇಳ್ತಾ ಇಲ್ಲ. ಗೆಳೆಯರ ಲೇಖನದ ದೊಡ್ಡ ತಪ್ಪು ಅದೇ, ಟ್ರಾಫಿಕ್ ಎಂಜಿನಿಯರಿಂಗ್ ಮತ್ತು ಆದ್ಯತೆ ಮಾರಾಟ ಎರಡನ್ನೂ ಒಂದೇ ಚೀಲಕ್ಕೆ ತುಂಬಿದ್ದು. ಟ್ರಾಫಿಕ್ ಎಂಜಿನಿಯರಿಂಗ್ ಅಂದ್ರೆ ಪಕ್ಕದಲ್ಲಿ ಖಾಲಿ ಬಿದ್ದ ದಾರಿಗೆ ಸ್ವಲ್ಪ ಹೊರೆ ತಿರುಗಿಸೋದು. ಅದು ಬಾಗಿಲನ್ನೇ ಅಗಲ ಮಾಡೋ ಕೆಲಸ. ಅದರಿಂದ ಎಲ್ಲರಿಗೂ ಲಾಭ.

ಅದೂ ಸುಲಭದ ಕೆಲಸ ಅಲ್ಲ. 1979ರಲ್ಲಿ ಅರ್ಪಾನೆಟ್‌ನಲ್ಲಿ, ಅಳೆದ ವಿಳಂಬದ ಮೇಲೆ ದಾರಿ ಆರಿಸೋ ವ್ಯವಸ್ಥೆ ತಂದರು. ಹೊರೆ ಕಡಿಮೆ ಇದ್ದಾಗ ಸೊಗಸಾಗಿ ನಡೀತು. ಹೊರೆ ಹೆಚ್ಚಾದಾಗ? ಎರಡು ಪ್ರದೇಶಗಳ ನಡುವೆ ಎರಡು ಲಿಂಕು ಅಂದುಕೊಳ್ಳಿ. ಒಂದು ತುಂಬಿದೆ ಅಂತ ಸುದ್ದಿ ಹಬ್ಬಿದ ಕೂಡಲೇ ಎಲ್ಲ ರೂಟರುಗಳೂ ಎರಡನೆಯದಕ್ಕೆ ಹಾರಿದವು. ಅದು ತುಂಬಿತು, ಮೊದಲನೆಯದು ಖಾಲಿ. ಮತ್ತೆ ಎಲ್ಲರೂ ವಾಪಸ್! ಮೊಬೈಲಿನ ಮ್ಯಾಪ್ ತೋರಿಸಿದ ಒಳದಾರಿಗೆ ಇಡೀ ಬೆಂಗಳೂರು ನುಗ್ಗಿ ಆ ಗಲ್ಲಿ ಜಾಮ್ ಆಗೋದನ್ನ ನೋಡಿದವರಿಗೆ ಬಿಡಿಸಿ ಹೇಳಬೇಕಿಲ್ಲ. (ರಸ್ತೆ ಹೋಲಿಕೆ ಬೇಡ ಅಂದವನೇ ತಂದುಬಿಟ್ಟೆ, ಕ್ಷಮಿಸಿ :) ) 1987ರಲ್ಲಿ ಆ ಅಳತೆಯನ್ನ ಪಳಗಿಸಿದರು. ಲಿಂಕಿನ ಬೆಲೆ ಒಂದೇ ಸಲಕ್ಕೆ ತುಂಬಾ ಏರಬಾರದು, ತುಂಬಾ ಇಳಿಯಬಾರದು ಅಂತ ಕಡಿವಾಣ.

ಆಮೇಲೆ 2000ದಲ್ಲಿ ಫೋರ್ಟ್ಜ್ ಮತ್ತು ಥೋರಪ್ ಇನ್ನೊಂದು ತೋರಿಸಿದರು. ಒಎಸ್‌ಪಿಎಫ್‌ನಲ್ಲಿ ಪ್ರತಿ ಲಿಂಕಿಗೂ ಒಂದು ತೂಕ ಬರೀತೀವಲ್ಲ, ಆ ಅಂಕಿಗಳನ್ನ ಇಡೀ ಜಾಲದ ಬೇಡಿಕೆ ನೋಡಿ ಜಾಣತನದಿಂದ ಆರಿಸಿದರೆ ಸಾಕು, ಒಂದೂ ಹೊಸ ಕೇಬಲ್ ಎಳೆಯದೆ ಅದೇ ಜಾಲ ಗಣನೀಯವಾಗಿ ಹೆಚ್ಚು ಹೊರುತ್ತೆ. 2008ರ ಜನವರಿ 30ರಂದು ಈಜಿಪ್ಟಿನ ಅಲೆಕ್ಸಾಂಡ್ರಿಯಾ ಹತ್ತಿರ ಸಮುದ್ರದೊಳಗಿನ ಕೇಬಲ್ಲುಗಳು ತುಂಡಾದವಲ್ಲ, ಆವಾಗ ಇಲ್ಲಿ ಇಂಟರ್ನೆಟ್ ಆಮೆನಡಿಗೆ ಆಗಿದ್ದು ನಿಮಗೂ ನೆನಪಿರಬಹುದು. ನಮ್ಮ ಸಂಪರ್ಕ ಸಂಪೂರ್ಣ ಸಾಯದೆ ಉಳಿದದ್ದು, ಪಶ್ಚಿಮಕ್ಕೆ ಹೋಗುತ್ತಿದ್ದ ಹೊರೆಯನ್ನ ಪೂರ್ವಕ್ಕೆ, ಶಾಂತಸಾಗರದ ಕಡೆಗೆ ತಿರುಗಿಸಿದ ಎಂಜಿನಿಯರುಗಳಿಂದ. ಅವರಿಗೆ ನನ್ನ ನಮಸ್ಕಾರ ಇದೆ. ಈ ಕೆಲಸಕ್ಕೆ ಯಾರ ವಿರೋಧವೂ ಇಲ್ಲ.

ಗೂಗಲ್ ತನ್ನ ಡೇಟಾ ಸೆಂಟರುಗಳ ನಡುವಿನ ಬಿ4 ಜಾಲದ ಬಗ್ಗೆ 2013ರಲ್ಲಿ ಪ್ರಕಟಿಸಿದ ಪ್ರಬಂಧವನ್ನ ಗೆಳೆಯರು ತಮ್ಮ ಪರವಾಗಿ ಎತ್ತಿಕೊಂಡಿದಾರೆ. ಸಾಮಾನ್ಯವಾಗಿ ಇಂಥ ದೂರದ ಲಿಂಕುಗಳನ್ನ ಶೇ. 30ರಿಂದ 40ರಷ್ಟು ಮಾತ್ರ ತುಂಬಿಸ್ತಾರೆ. ಬಿ4ನಲ್ಲಿ ಅನೇಕ ಲಿಂಕುಗಳು ಶೇ. 100ರ ಹತ್ತಿರ ಓಡ್ತಾವೆ, ಆದ್ಯತೆಗಳ ಸಹಾಯದಿಂದಲೇ. ನಿಜ. ಆದ್ರೆ ಅಲ್ಲಿ ಮುಂದೆ ಹೋಗೋನೂ ಗೂಗಲ್, ಹಿಂದೆ ನಿಲ್ಲೋನೂ ಗೂಗಲ್. ನನ್ನ ಬ್ಯಾಕಪ್ ಆಮೇಲೆ ಆದರೂ ಪರವಾಗಿಲ್ಲ ಅಂತ ಹೇಳೋನು ಬ್ಯಾಕಪ್ಪಿನ ಒಡೆಯನೇ. ಲಾಭ ಯಾರಿಗೋ ನಷ್ಟವೂ ಅವರಿಗೇ. ನಮ್ಮ ಮನೆಯಲ್ಲಿ ಮೊದಲು ಮಕ್ಕಳಿಗೆ ಬಡಿಸ್ತೀವಿ, ಅದು ಮನೆ ವ್ಯವಸ್ಥೆ. ಸಾರ್ವಜನಿಕ ಛತ್ರದಲ್ಲಿ ದುಡ್ಡು ಕೊಟ್ಟವರ ಎಲೆಗೆ ಮೊದಲು ಅನ್ನ ಅಂದರೆ ಅದಕ್ಕೆ ಬೇರೆ ಹೆಸರಿದೆ.

*

ಇನ್ನು ಆಂಬುಲೆನ್ಸ್. ಇದನ್ನ ತಂದ ಕೂಡಲೇ ಎದುರಿನವರ ಬಾಯಿ ಮುಚ್ಚುತ್ತೆ ಅಂತ ಗೊತ್ತು, ಅದಕ್ಕೇ ಎಲ್ಲರೂ ತರ್ತಾರೆ. ದೂರದಿಂದ ಶಸ್ತ್ರಚಿಕಿತ್ಸೆ ಮಾಡೋ ವೈದ್ಯನ ಪ್ಯಾಕೆಟ್ಟನ್ನ ಸಿನಿಮಾ ಪ್ಯಾಕೆಟ್ಟಿನ ಹಿಂದೆ ನಿಲ್ಲಿಸ್ತೀರಾ ಅಂತ.

ಸ್ವಾಮಿ, ಅಂಥ ಶಸ್ತ್ರಚಿಕಿತ್ಸೆ 2001ರಲ್ಲೇ ಆಗಿದೆ. ಸೆಪ್ಟೆಂಬರ್ 7ರಂದು ನ್ಯೂಯಾರ್ಕಿನಲ್ಲಿ ಕೂತ ಪ್ರೊಫೆಸರ್ ಜಾಕ್ ಮಾರೆಸ್ಕೋ ತಂಡ ಫ್ರಾನ್ಸಿನ ಸ್ಟ್ರಾಸ್‌ಬರ್ಗಿನಲ್ಲಿದ್ದ ರೋಗಿಯ ಪಿತ್ತಕೋಶ ತೆಗೆಯಿತು. ಅದಕ್ಕೆ ಬಳಸಿದ್ದು ಪ್ರತ್ಯೇಕವಾಗಿ ಮೀಸಲಿಟ್ಟ ಲೈನು. ಸಾರ್ವಜನಿಕ ಇಂಟರ್ನೆಟ್ಟಿನ ವಿಐಪಿ ಸಾಲು ಅಲ್ಲ. ಪ್ರಾಣದ ವಿಷಯ ಬಂದಾಗ ಯಾವ ಎಂಜಿನಿಯರೂ ಹಂಚಿಕೊಂಡ ಪೈಪನ್ನ ನಂಬಲ್ಲ, ಬೇರೆ ಪೈಪು ಹಾಕ್ತಾನೆ. ನಮ್ಮ ದೇಶದ 2018ರ ನೆಟ್ ನ್ಯೂಟ್ರಾಲಿಟಿ ನಿಯಮಗಳಲ್ಲೂ ಇಂಥ ವಿಶೇಷ ಸೇವೆಗಳಿಗೆ ವಿನಾಯಿತಿ ಇದ್ದೇ ಇದೆ.

ಮತ್ತೆ ಆಂಬುಲೆನ್ಸಿನ ನಿಜವಾದ ಗುಣ ಏನು? ಅದಕ್ಕೆ ದಾರಿ ಸಿಗೋದು ಒಳಗಿರೋನು ಶ್ರೀಮಂತ ಅಂತಲ್ಲ. ಬಡವ ಮಲಗಿದ್ದರೂ ಅದೇ ಸೈರನ್, ಅದೇ ದಾರಿ. 4ಜಿಯಲ್ಲಿ ವೋಲ್ಟೆ ಕರೆಯ ಮಾತಿಗೆ ಡೇಟಾಗಿಂತ ಮೇಲಿನ ದರ್ಜೆ ಇದೆ, ಅದು ಅಗ್ಗದ ಪ್ಲಾನಿನವನಿಗೂ ಒಂದೇ, ದುಬಾರಿ ಪ್ಲಾನಿನವನಿಗೂ ಒಂದೇ. ಅದು ಆಂಬುಲೆನ್ಸ್ ಲೇನ್. ದುಡ್ಡು ಕೊಟ್ಟವನ ಕಾರಿನ ಮೇಲೆ ಸೈರನ್ ಕೂರಿಸೋದಕ್ಕೆ ನಾವು ಆಂಬುಲೆನ್ಸ್ ಅನ್ನಲ್ಲ. ಕೆಂಪು ದೀಪದ ಕಾರು ಅಂತಿದ್ವಿ, 2017ರಲ್ಲಿ ಆ ದೀಪವನ್ನೂ ತೆಗೆಸಿದರು.

*

ಇಷ್ಟು ಹೊತ್ತು ಲೆಕ್ಕ ಹೇಳಿದೆ. ಈಗ ಯಾಕೆ ನನಗೆ ಇಷ್ಟು ಸಿಟ್ಟು ಅಂತ ಹೇಳಿಬಿಡ್ತೀನಿ.

2020ರ ಜುಲೈ. ಎಲ್ಲ ಶಾಲೆಗಳೂ ಮುಚ್ಚಿವೆ. ಮಲೆನಾಡಲ್ಲಿ, ಕರಾವಳಿಯ ಒಳಭಾಗದಲ್ಲಿ ಮಕ್ಕಳು ಮಳೆಯಲ್ಲಿ ಗುಡ್ಡ ಹತ್ತಿ, ಪ್ಲಾಸ್ಟಿಕ್ ಟಾರ್ಪಾಲಿನ ಕೆಳಗೆ ಕೂತು ಆನ್‌ಲೈನ್ ಪಾಠ ಕೇಳ್ತಿದ್ದರು. ಪತ್ರಿಕೆಗಳಲ್ಲಿ ಫೋಟೋ ನೋಡಿದೀರಿ. ಅದೇ ತಿಂಗಳು ಎರಡು ದೊಡ್ಡ ಮೊಬೈಲ್ ಕಂಪನಿಗಳ ಆದ್ಯತೆಯ ಪ್ಲಾನುಗಳ ವಿಷಯ ಟ್ರಾಯ್ ಮುಂದೆ ಬಂತು. ಹೆಚ್ಚು ದುಡ್ಡಿನ ಪ್ಲಾನಿನವರಿಗೆ 4ಜಿಯಲ್ಲಿ ಹೆಚ್ಚಿನ ವೇಗ ಅಂತ. ಇದು ಉಳಿದ ಗಿರಾಕಿಗಳ ಸೇವೆಯನ್ನ ಕೆಡಿಸಿ ಕೊಡೋದಲ್ಲವಾ ಅಂತ ಟ್ರಾಯ್ ಕೇಳಿತು, ಸದ್ಯಕ್ಕೆ ನಿಲ್ಲಿಸಿ ಅಂದಿತು. ಒಂದು ಕಂಪನಿ ನ್ಯಾಯಮಂಡಳಿಗೆ ಹೋಗಿ ಮಧ್ಯಂತರ ಪರಿಹಾರ ಪಡೆಯಿತು.

ಗುಡ್ಡ ಹತ್ತಿದ ಹುಡುಗಿಯ ಮೊದಲ ಸಮಸ್ಯೆ ಸಿಗ್ನಲ್ಲೇ, ಒಪ್ಪಿದೆ. ಆದ್ರೆ ಅಷ್ಟು ಕಷ್ಟಪಟ್ಟು ಸಿಕ್ಕ ಸಿಗ್ನಲ್ಲು ಒಂದೇ ಟವರಿನದ್ದು. ಇಡೀ ಸೀಮೆ ಅದಕ್ಕೇ ಜೋತು ಬಿದ್ದಿತ್ತು. ಟವರಿನ ತರಂಗಾಂತರ ಅನ್ನೋದು ಗರ್ಭಗುಡಿಯ ಬಾಗಿಲಿದ್ದ ಹಾಗೆ. ಊರ ಸಾಹುಕಾರನ ಮೊಬೈಲಿಗೆ ಆದ್ಯತೆ ಕೊಟ್ಟರೆ ಆ ಹೆಚ್ಚಿನ ವೇಗ ಎಲ್ಲಿಂದ ಬಂತು? 1965ರ ಕ್ಲೈನ್‌ರಾಕ್ ನಿಯಮವನ್ನ ಮತ್ತೆ ಓದಿ. ಅವಳ ಪಾಠದಿಂದ ಬಂತು. ಅದೇ ವರ್ಷ ಮಾರ್ಚ್ ತಿಂಗಳಲ್ಲಿ ವಿಡಿಯೋ ಕಂಪನಿಗಳು ಮೊಬೈಲಿನಲ್ಲಿ ಚಿತ್ರದ ಗುಣಮಟ್ಟವನ್ನ ಎಲ್ಲರಿಗೂ ಸಮನಾಗಿ ಇಳಿಸಿದ್ದವು. ಬರ ಬಂದಾಗ ಅದು ಸರಿಯಾದ ದಾರಿ. ಎಲ್ಲರ ಎಲೆಯಲ್ಲೂ ಒಂದೊಂದು ಸೌಟು ಕಡಿಮೆ.

"ಹಾಗಾದ್ರೆ 40 ಎಂಬಿಪಿಎಸ್ ಪ್ಲಾನು, 300 ಎಂಬಿಪಿಎಸ್ ಪ್ಲಾನು ಅಂತ ಇವೆಯಲ್ಲ, ಅದೂ ಪಂಕ್ತಿಭೇದ ಅಲ್ವಾ?" ಒಳ್ಳೇ ಪ್ರಶ್ನೆ. ಅಲ್ಲ. ದುಡ್ಡಿದ್ದವನು ರೈಲಿನಲ್ಲಿ ಎಸಿ ಬೋಗಿ ಹತ್ತಲಿ, ಬೇಡ ಅಂದವರು ಯಾರು? ಅವನ ದುಡ್ಡಿನಿಂದ ಇನ್ನೊಂದು ಬೋಗಿ ಜೋಡಿಸಲಿ. ಜನರಲ್ ಬೋಗಿಯಲ್ಲಿ ಟಿಕೆಟ್ ತಗೊಂಡು ಕೂತವನನ್ನ ಎಬ್ಬಿಸಿ ಅವನನ್ನ ಕೂರಿಸಬೇಡಿ ಅನ್ನೋದಷ್ಟೇ ನನ್ನ ತಕರಾರು. ಅಗಲದ ಪೈಪು ಮಾರೋದು ಬೇರೆ, ಇದ್ದ ಪೈಪಿನಲ್ಲಿ ಪಕ್ಕದವನ ಸರದಿ ಮಾರೋದು ಬೇರೆ.

ನೆನಪಿಟ್ಟುಕೊಳ್ಳಿ ಅಂದಿದ್ದೆನಲ್ಲ, ಅದು ಇಲ್ಲಿ ಬರುತ್ತೆ. ಆದ್ಯತೆಗೆ ಬೆಲೆ ಇರೋದು ದಟ್ಟಣೆ ಇದ್ದಾಗ ಮಾತ್ರ. ಹಾಗಿದ್ರೆ ಆದ್ಯತೆ ಮಾರೋ ಅಂಗಡಿಗೆ ಯಾವುದು ಬಂಡವಾಳ? ದಟ್ಟಣೆ! ಹೊಸ ಟವರು ಹಾಕಿ ಎಲ್ಲರಿಗೂ ಸರಾಗ ಮಾಡಿದರೆ ಮಾರೋಕೆ ಸರಕೇ ಇಲ್ಲ. ಸಾದಾ ಸಾಲು ನರಳಬೇಕು, ಆಗಲೇ ವಿಶೇಷ ಟಿಕೆಟ್ಟಿಗೆ ಗಿರಾಕಿ. ಯಾರೋ ಕೆಟ್ಟವರು ಅಂತ ಹೇಳ್ತಾ ಇಲ್ಲ ನಾನು. ಒಳ್ಳೆಯವರನ್ನ ತಂದು ಆ ಕುರ್ಚಿಯಲ್ಲಿ ಕೂರಿಸಿದರೂ ಲೆಕ್ಕ ಅವರನ್ನ ಅಲ್ಲಿಗೇ ಎಳೆಯುತ್ತೆ.

2015ರಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಇಮೇಲ್ ಟ್ರಾಯ್‌ಗೆ ಹೋದವು. 2016ರ ಫೆಬ್ರವರಿ 8ರಂದು, ಯಾವ ತಾಣ ನೋಡ್ತೀರಿ ಅನ್ನೋದರ ಮೇಲೆ ಬೇರೆ ಬೇರೆ ದರ ಹಾಕೋದು ನಿಷೇಧ ಆಯ್ತು. 2018ರ ಜುಲೈನಲ್ಲಿ ಸರ್ಕಾರ ನೆಟ್ ನ್ಯೂಟ್ರಾಲಿಟಿ ಒಪ್ಪಿತು. ಗೆದ್ದೆವು ಅಂತ ನಾವೆಲ್ಲ ಮಲಗಿದೆವು. ಆದ್ರೆ ಆ ನಿಯಮಗಳ ಕಣ್ಣಿರೋದು ಏನು ನೋಡ್ತೀರಿ ಅನ್ನೋದರ ಮೇಲೆ. ಯಾರು ನೋಡ್ತಾರೆ, ಎಷ್ಟು ದುಡ್ಡು ಕೊಟ್ಟವರು ಅನ್ನೋ ಬಾಗಿಲು ಪಕ್ಕದಲ್ಲೇ ತೆರೆದಿದೆ, ಗೆಳೆಯರ ಸ್ಲೈಸಿಂಗ್ ಮಾತು ಬರ್ತಿರೋದು ಆ ಬಾಗಿಲಿಂದ. ಅಮೆರಿಕದಲ್ಲಿ ಇಂಥ ನಿಯಮವನ್ನ 2015ರಲ್ಲಿ ತಂದರು, 2017ರಲ್ಲಿ ತೆಗೆದರು, 2024ರಲ್ಲಿ ಮತ್ತೆ ತಂದರು, 2025ರ ಜನವರಿಯಲ್ಲಿ ಕೋರ್ಟು ಹೊಡೆದು ಹಾಕಿತು. ಒಮ್ಮೆ ಗೆದ್ದರೆ ಮುಗಿಯೋ ಜಗಳ ಅಲ್ಲ ಇದು.

*

ಹಾಗಾದರೆ ಏನು ಮಾಡಬೇಕು ಅಂತೀರಾ? ಮೂರೇ ಮಾತು.

ಒಂದು, ದಟ್ಟಣೆಯ ಲೆಕ್ಕ ಹೊರಗೆ ಇಡಿ. 2024ರ ಟ್ರಾಯ್ ನಿಯಮಗಳ ಪ್ರಕಾರ ಎಲ್ಲೆಲ್ಲಿ ಸಿಗ್ನಲ್ ಇದೆ ಅನ್ನೋ ನಕ್ಷೆ ಪ್ರಕಟಿಸಬೇಕು ಅಂತಾಯ್ತು. ಸಂತೋಷ. ಸಂಜೆ ಎಂಟು ಗಂಟೆಗೆ ಯಾವ ಟವರು ಎಷ್ಟು ತುಂಬಿರುತ್ತೆ ಅನ್ನೋ ನಕ್ಷೆಯನ್ನೂ ಕೇಳೋಣ. ತುಂಬಿದ ಟವರಿನಲ್ಲಿ ಆದ್ಯತೆ ಮಾರೋ ಹಾಗಿಲ್ಲ ಅನ್ನೋಣ. ತುಂಬದ ಟವರಿನಲ್ಲಿ ಯಾರೂ ಕೊಳ್ಳಲ್ಲ ಬಿಡಿ :)

ಎರಡು, ದಟ್ಟಣೆ ಬಂದೇ ಬರುತ್ತೆ, ಆಗ ಹಂಚಿಕೆ ನ್ಯಾಯವಾಗಿರಲಿ. ದಾರಿ ಇದೆ. ಅಮೆರಿಕದ ಕಾಮ್‌ಕಾಸ್ಟ್ 2007ರಲ್ಲಿ ಬಿಟ್‌ಟೊರೆಂಟನ್ನ ಕದ್ದು ಹಿಸುಕಿ ಸಿಕ್ಕಿಬಿದ್ದಿತು. ಆಮೇಲೆ, ಯಾವ ಸಾಫ್ಟ್‌ವೇರ್ ಅಂತ ನೋಡದೆ, ದಟ್ಟಣೆ ಇರೋ ಹೊತ್ತಿನಲ್ಲಿ ಮಾತ್ರ, ಅತಿ ಹೆಚ್ಚು ಎಳೆಯೋರನ್ನ ಸ್ವಲ್ಪ ಹೊತ್ತು ಹಿಂದೆ ಸರಿಸೋ ವ್ಯವಸ್ಥೆ ಮಾಡಿ, ಅದನ್ನ 2010ರಲ್ಲಿ ಬಹಿರಂಗವಾಗಿ ಬರೆದಿಟ್ಟಿತು. ಬಯಲಲ್ಲಿ ಹೇಳೋಕೆ ನಾಚಿಕೆಯಾಗದ ನಿಯಮ ಅಂದ್ರೆ ಅದು.

ಮೂರು, ನಮ್ಮ ಮನೆ ಡಬ್ಬಿ. ವಿಡಿಯೋ ಕಾಲ್ ಕತ್ತರಿಸೋದಕ್ಕೆ ಅನೇಕ ಸಲ ಕಾರಣ ಬೆನ್ನೆಲುಬು ಅಲ್ಲ, ಮನೆಯ ಮೋಡೆಮ್ಮಿನ ಹೊಟ್ಟೆಬಾಕತನ. 1 ಎಂಬಿಪಿಎಸ್ ಅಪ್‌ಲೋಡ್ ಲೈನಿಗೆ 256 ಕಿಲೋಬೈಟ್ ಬಫರ್ ಇಟ್ಟರೆ, ಅದು ತುಂಬಿದಾಗ ಹೊಸ ಪ್ಯಾಕೆಟ್ಟು ಎರಡು ಸೆಕೆಂಡಿಗೂ ಮೀರಿ ಕಾಯುತ್ತೆ. ಫೋನಿನ ಮಾತಿಗೆ 150 ಮಿಲಿಸೆಕೆಂಡ್ ದಾಟಬಾರದು ಅನ್ನೋದು ಲೆಕ್ಕ! ಜಿಮ್ ಗೆಟಿಸ್ 2010ರ ಸುಮಾರಿಗೆ ತಮ್ಮ ಮನೆಯಲ್ಲೇ ಇದನ್ನ ಹಿಡಿದು ಬಫರ್‌ಬ್ಲೋಟ್ ಅಂತ ಹೆಸರಿಟ್ಟರು. 2012ರಲ್ಲಿ ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್ಸನ್ ಕೋಡೆಲ್ ಅನ್ನೋ ಮದ್ದು ಕೊಟ್ಟರು. ಸಾಲಿನಲ್ಲಿ ಎಷ್ಟು ಜನ ಇದಾರೆ ಅಂತ ಎಣಿಸಲ್ಲ, ಒಬ್ಬೊಬ್ಬರು ಎಷ್ಟು ಹೊತ್ತು ನಿಂತರು ಅಂತ ನೋಡುತ್ತೆ. ಅದಕ್ಕೆ ನ್ಯಾಯವಾದ ಸರದಿ ಸೇರಿಸಿದ ಎಫ್‌ಕ್ಯೂ-ಕೋಡೆಲ್ ಲಿನಕ್ಸಿನಲ್ಲಿದೆ, ಓಪನ್‌ವರ್ಟ್ ರೂಟರುಗಳಲ್ಲಿದೆ, ಪುಕ್ಕಟೆ. ಯಾರಿಗೂ ವಿಐಪಿ ಪಟ್ಟ ಇಲ್ಲ, ಆದರೂ ಮಾತಿನ ಪ್ಯಾಕೆಟ್ಟು ಡೌನ್‌ಲೋಡಿನ ಹಿಂದೆ ಸಿಕ್ಕಿಹಾಕಿಕೊಳ್ಳಲ್ಲ. ನಮ್ಮ ಮನೆಯಲ್ಲಿ ಹಾಕಿ ನೋಡಿದೀನಿ. ಮಗ ಆಟ ಡೌನ್‌ಲೋಡ್ ಮಾಡ್ತಿದ್ದರೂ ಅಮ್ಮನ ಜೊತೆ ವಿಡಿಯೋ ಕಾಲ್ ಕಡಿಯಲ್ಲ. ಆದ್ಯತೆ ಮಾರದೆ ಗುಣಮಟ್ಟ ಕೊಡೋಕಾಗುತ್ತೆ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ಗೆಳೆಯರೇ, ನಿಮ್ಮ ಮೇಲೆ ಕೋಪ ಇಲ್ಲ. ನೀವು ಬರೆದಿದ್ದಕ್ಕೇ ನಾನು ಇಷ್ಟು ದಿನದ ಮೇಲೆ ಕೀಬೋರ್ಡ್ ಕುಟ್ಟಿದ್ದು. ಆದ್ರೆ ಮುಂದಿನ ಸಲ ಆಂಬುಲೆನ್ಸಿನ ಉದಾಹರಣೆ ಕೊಡೋ ಮುಂಚೆ ಒಂದು ಕ್ಷಣ ಆ ಗುಡ್ಡದ ಮೇಲಿನ ಟಾರ್ಪಾಲನ್ನ ನೆನಪಿಸಿಕೊಳ್ಳಿ. ಅವಳ ಮೊಬೈಲಿನಲ್ಲಿ ಟೀಚರ ಮುಖ ಅರ್ಧಕ್ಕೆ ನಿಂತು ಸುತ್ತುಗೋಲ ತಿರುಗ್ತಾ ಇದೆ. ಅವಳನ್ನ ಯಾರು ಹಿಂದಕ್ಕೆ ತಳ್ಳಿದರು ಅಂತ ಅವಳಿಗೆ ಯಾವತ್ತೂ ಗೊತ್ತಾಗಲ್ಲ. ದೇವಸ್ಥಾನದಲ್ಲಾದರೂ ಪಕ್ಕದ ಸಾಲು ಕಣ್ಣಿಗೆ ಕಾಣುತ್ತೆ.

ತಪ್ಪಿದ್ದರೆ ತಿದ್ದಿ, ಒಪ್ಪದಿದ್ದರೆ ಜಗಳಕ್ಕೆ ಬನ್ನಿ. ಕಾಮೆಂಟಿನಲ್ಲಿ ಪಂಕ್ತಿಭೇದ ಇಲ್ಲ, ಬಂದ ಸರದಿಯಲ್ಲೇ ಉತ್ತರ ಕೊಡ್ತೀನಿ.